ತರೀಕೆರೆಯ ಲೇಸರ್ ಡಾಕ್ಟರು

ನಮ್ಮ ದೊಡ್ಡಪ್ಪನಿಗೆ ಅರ್ಧ ಕೇಳಿಸಿಕೊಂಡು ಪೂರ್ತಿ ಹೇಳುವ ಚಟವಿತ್ತು. ಎಂಬತ್ತರ ದಶಕದಲ್ಲಿ, ನಾನು ಅಜ್ಜಂಪುರದಲ್ಲಿ ಮೇಷ್ಟ್ರಾಗಿದ್ದಾಗ, ಆ ಚಟ ನಮ್ಮ ಅತ್ತೆಯ ಜೀವಕ್ಕೇ ಕುತ್ತು ತರುವುದರಲ್ಲಿತ್ತು.

ಅತ್ತೆ ಎಂದರೆ ದೊಡ್ಡಪ್ಪನ ತಂಗಿ. ಗಂಡ ಸತ್ತ ಮೇಲೆ ಶಿವನಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದವಳು. ಹೊಟ್ಟೆನೋವು ಬಿಡಲೇ ಇಲ್ಲವೆಂದು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಬಾಯಿಯಿಂದ ಕೊಳವೆ ಇಳಿಸಿ ನೋಡಿದ ಡಾಕ್ಟರು, ಜಠರದ ಒಳಪದರದಲ್ಲಿ ಕ್ಯಾನ್ಸರ್ ಈಗಷ್ಟೇ ಶುರುವಾಗಿದೆ, ಬೇಗ ಆಪರೇಷನ್ ಮಾಡಿದರೆ ಉಳಿಯುತ್ತಾರೆ ಎಂದರು.

"ಕುಯ್ಯದೆ ಆಗಲ್ವಾ ಸಾಮಿ?" ಎಂದು ದೊಡ್ಡಪ್ಪ ಪೀಡಿಸಿದರು.

ಜಪಾನಿನಲ್ಲಿ ಹೊಸದೊಂದನ್ನು ಪ್ರಯತ್ನಿಸುತ್ತಿದ್ದಾರೆ ಎಂದರು ಡಾಕ್ಟರು. ಬೆಳಕಿಗೆ ಕೆರಳುವ ಔಷಧಿಯನ್ನು ರಕ್ತಕ್ಕೆ ಕೊಟ್ಟು, ಅದು ಗಡ್ಡೆಯಲ್ಲಿ ಸೇರಿಕೊಂಡ ಮೇಲೆ ಕೊಳವೆಯೊಳಗಿಂದ ಲೇಸರ್ ಬೆಳಕು ಬಿಟ್ಟು ಅಷ್ಟನ್ನೇ ಸಾಯಿಸುತ್ತಾರಂತೆ. "ನಮ್ಮಲ್ಲಿ ಅದಿಲ್ಲ. ಅದಕ್ಕೆ ಕಾಯ್ತಾ ಕೂರಬೇಡಿ."

ರೈಲು ಕಡೂರು ಮುಟ್ಟುವಷ್ಟರಲ್ಲಿ ದೊಡ್ಡಪ್ಪನ ತಲೆಯಲ್ಲಿ ಬೆಳಕೊಂದೇ ಉಳಿದಿತ್ತು. ಸ್ವಲ್ಪ ದಿನಕ್ಕೇ ತರೀಕೆರೆಯಲ್ಲಿ ಒಬ್ಬ ಲೇಸರ್ ಡಾಕ್ಟರನ್ನು ಹುಡುಕಿಬಿಟ್ಟರು. ಅದುವರೆಗೆ ಮೂಲವ್ಯಾಧಿಗೆ ಪುಡಿ ಕೊಡುತ್ತಿದ್ದ ಆಸಾಮಿ. ಬೇಡವೆಂದು ನಾನು ಜಗಳವಾಡಿದೆ. "ಮಗ್ಗಿ ಹೇಳ್ಕೊಡೋನಿಗೆ ಇದೆಲ್ಲ ಏನ್ ತಿಳೀತದೆ?" ಎಂದರು.

ಆ ಮಹಾನುಭಾವ ಅತ್ತೆಗೆ ಗುಲಾಬಿ ಬಣ್ಣದ ಪಾನಕದಂಥದ್ದನ್ನು ಕುಡಿಸಿ, ಕರಿ ಕನ್ನಡಕ ಹಾಕಿ, ಬೆಂಚಿನ ಮೇಲೆ ಮಲಗಿಸಿದ. ತಗಡಿನ ಡಬ್ಬಿಯೊಂದರಿಂದ ಕೆಂಪು ಬೆಳಕು ಸೀರೆಯ ಮೇಲೆಯೇ ಬಿತ್ತು. ಸೀರೆ, ಚರ್ಮ, ಮಾಂಸ ಎಲ್ಲ ದಾಟಿ ಅದು ಒಳಗೆ ಹೋಗುತ್ತದಂತೆ! ದೊಡ್ಡಪ್ಪ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಕೈಮುಗಿದು ನಿಂತಿದ್ದರು. ಇಬ್ಬರಲ್ಲಿ ಯಾರು ಹೆಚ್ಚು ಅಸಹ್ಯವೆಂದು ನನಗೆ ತೀರ್ಮಾನಿಸಲಾಗಲಿಲ್ಲ.

ಅತ್ತೆ ಕನ್ನಡಕ ಸರಿಸಿ ಡಬ್ಬಿಯೊಳಗೆ ಇಣುಕಿದಳು. "ಏನಪ್ಪಾ, ಇದು ಕೋಳಿಮರಿ ಕಾಯ್ಸೋ ಬಲ್ಬಲ್ವಾ?"

"ಫಾರಿನ್ ಮಷಿನ್ ಕಣಮ್ಮಾ, ಅಲ್ಲಾಡ್‌ಬೇಡಿ."

ಅವಳು ಎದ್ದೇಬಿಟ್ಟಳು. "ಅಣ್ಣಾ, ಕುಯ್ಸೋಕೆ ಹೆದ್ರಿಕೆ ಇರೋದು ನಿಂಗೆ. ಬಾ, ಇಲ್ಲಿ ನೀನೇ ಮಲೀಕೋ. ನಾನು ಬೆಂಗ್ಳೂರಿಗೆ ಹೋಗ್ತೀನಿ."

ಮಾರನೆಯ ದಿನವೇ ನಾನು ರಜೆ ಹಾಕಿ ಅವಳೊಂದಿಗೆ ಹೊರಟೆ. ಜಠರದ ಒಂದು ಭಾಗ ತೆಗೆದರು. ಆಮೇಲೆ ಅವಳು ಹಿಡಿಯಷ್ಟೇ ಉಣ್ಣುತ್ತಿದ್ದಳು, ಆದರೆ ತೋಟದ ಕೆಲಸ ಬಿಡದೆ ಬಹಳ ವರ್ಷ ಬದುಕಿದಳು.

ದೊಡ್ಡಪ್ಪ ಮಾತ್ರ ಮದುವೆಮನೆಗಳಲ್ಲಿ, "ತರೀಕೆರೇಲಿ ಕಿರಣ ಬಿದ್ದಿದ್ದಕ್ಕೇ ಆಪರೇಷನ್ ಸಲೀಸಾಯ್ತು ಕಣ್ರೀ" ಎನ್ನುತ್ತಿದ್ದರು. ಓದಿದವರೂ ತಲೆದೂಗುತ್ತಿದ್ದರು. ಚೌಳಹಿರಿಯೂರಿನ ನೆಂಟರೊಬ್ಬರು ಆ ಡಾಕ್ಟರನ ವಿಳಾಸ ಕೇಳಿದಾಗ ಅತ್ತೆ ಪಂಕ್ತಿಯಿಂದಲೇ ಕೂಗಿದಳು: "ಕೋಳಿಮರಿ ಇದ್ರೆ ಅವನ ತಾವ ಕರ್ಕೊಂಡೋಗಿ, ಮನುಷ್ಯರನ್ನಲ್ಲ!"