ಮೇನ್ ಸ್ವಿಚ್ ಇಳಿಸಿ ಕೂರುವ ಮಂಜವ್ವ

ಬೆಳಗಿನ ಆರು ಗಂಟೆ. ಲಕ್ಷ್ಮೇಶ್ವರದ ಅರ್ಚಕರ ಮನೆಯೊಂದರ ಪಡಸಾಲೆಯಲ್ಲಿ ಮಂಜವ್ವ ಸ್ಟೂಲಿನ ಮೇಲೆ ನಿಂತು ಮೇನ್ ಸ್ವಿಚ್ ಕೆಳಗಿಳಿಸುತ್ತಾರೆ. ಆಮೇಲೆ ಅಂಗಳಕ್ಕೆ ಹೋಗಿ, ಮಾಳಿಗೆಯ ಸೋಲಾರ್ ಫಲಕಗಳಿಂದ ಬರುವ ಲೈನಿನ ಸ್ವಿಚ್ಚನ್ನೂ ಇಳಿಸಿ ಬರುತ್ತಾರೆ. ಈಗ ಮನೆಗೆ ಕಂಬದ ಕರೆಂಟೂ ಇಲ್ಲ, ಸೂರ್ಯನ ಕರೆಂಟೂ ಇಲ್ಲ. ಗೋಡೆಗೆ ಹೊಸದಾಗಿ ಕೂರಿಸಿದ ಬ್ಯಾಟರಿಯೊಂದೇ ಗತಿ. ಒಳಕೋಣೆಯಲ್ಲಿ ಆಕ್ಸಿಜನ್ ಯಂತ್ರ ಒಂದೇ ಸಮನೆ ಬುಸುಗುಡುತ್ತಿದೆ. ಅದರ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಮಲಗಿರುವ ನರಸಿಂಹಾಚಾರ್ಯರು ಯಂತ್ರದ ಹಸಿರು ದೀಪವನ್ನೇ ಕಣ್ಣು ಕೀಳದೆ ನೋಡುತ್ತಿದ್ದಾರೆ.

ಮಂಜವ್ವ ಬಾಗಿಲ ಪಕ್ಕ ಕುರ್ಚಿ ಎಳೆದುಕೊಂಡು, ಬುತ್ತಿಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕೂರುತ್ತಾರೆ. "ಒಂಬತ್ತ್ ತಾಸು ನಡಿತೈತಿ ಅಂತ ಮಾತ್ ಕೊಟ್ಟೀನಿ. ಮೂರು ಗಂಟಿತನಕ ನಾ ಇಲ್ಲಿಂದ ಏಳಂಗಿಲ್ಲ" ಅನ್ನುತ್ತಾರೆ. ಕೈಗೆಟಕುವಷ್ಟು ದೂರದಲ್ಲಿ ತುಂಬಿದ ಆಕ್ಸಿಜನ್ ಸಿಲಿಂಡರ್ ಇದೆ. ಅದನ್ನು ತರಿಸಿಟ್ಟು, ತಾವೇ ಪರೀಕ್ಷಿಸಿದ ಮೇಲಷ್ಟೇ ಅವರು ಸ್ವಿಚ್ಚಿಗೆ ಕೈಹಾಕಿದ್ದು.

ಬೆಟಗೇರಿಯ ಮಂಜವ್ವನಿಗೆ ನಲವತ್ತಾರು ವರ್ಷ. ಗದಗಿನ ಅಂಗಡಿಯೊಂದರ ಪರವಾಗಿ ಮನೆಮನೆಗೆ ಹೋಗಿ, ಸೋಲಾರ್ ಜೊತೆಗೆ ಎಂಥ ಬ್ಯಾಟರಿ ಬೇಕು ಎಂದು ಲೆಕ್ಕ ಹಾಕಿ ಹೇಳುವುದು, ಕೂರಿಸುವುದು ಅವರ ಕೆಲಸ. ಹಿರೇಹಂದಿಗೋಳ, ಕಣಗಿನಹಾಳ, ಶಿರಹಟ್ಟಿ, ಮುಂಡರಗಿ ಎಂದು ದಿನಕ್ಕೆ ಎಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದಂತೆ ಅವರ ಸ್ಕೂಟರ್ ಓಡುತ್ತದೆ. ಮೂರು ವರ್ಷಗಳಲ್ಲಿ ನೂರಾ ಹದಿನಾರು ಮನೆಗಳಲ್ಲಿ ಹೀಗೆ ಮೇನ್ ಇಳಿಸಿ ಕೂತಿದ್ದಾರೆ. ಹನ್ನೊಂದು ಕಡೆ ಬ್ಯಾಟರಿ ಮಾತು ಉಳಿಸಿಕೊಳ್ಳಲಿಲ್ಲ. ಹನ್ನೊಂದನ್ನೂ ಬಿಚ್ಚಿಕೊಂಡು ವಾಪಸ್ ಒಯ್ದು ಅಂಗಡಿಯ ಬಾಗಿಲಲ್ಲಿ ಇಳಿಸಿದ್ದಾರೆ. ಇಂಥ ಕೆಲಸಗಾರ್ತಿಯನ್ನು ಯಾವ ಅಂಗಡಿಯವರು ತಾನೇ ಮುದ್ದು ಮಾಡಿಯಾರು?

ಕೆಲಸ ಕಲಿಸಿದವರು ಬೆಟಗೇರಿಯ ಬ್ಯಾಟರಿ ರಿಪೇರಿಯ ದಸ್ತಗೀರಸಾಬರು. ಗಂಡ ತೀರಿಕೊಂಡ ವರ್ಷ ಅವರ ಅಂಗಡಿಗೆ ಕಸ ಹೊಡೆಯಲು ಸೇರಿದ ಮಂಜವ್ವ, ಆರು ತಿಂಗಳಲ್ಲಿ ಇನ್ವರ್ಟರ್ ಬ್ಯಾಟರಿಗಳಿಗೆ ನೀರು ಹಾಕಲು ಊರೂರು ತಿರುಗತೊಡಗಿದರು. ಆಸಿಡ್ ಸಿಡಿದು ತೂತಾಗದ ಸೀರೆ ಒಂದೂ ಉಳಿಯಲಿಲ್ಲ. ಅಮಾವಾಸ್ಯೆಗೆ ಬ್ಯಾಟರಿಯ ಮೇಲೆಯೇ ಕಾಯಿ ಒಡೆದು, ತಂತಿ ಸೇರುವ ಕಡೆಗೆಲ್ಲ ಅರಿಶಿನ ಕುಂಕುಮ ಮೆತ್ತಿದವರನ್ನು ಬೈಯುವ ಸಲಿಗೆಯೂ ಆಗಲೇ ಬಂತು. "ಪೂಜಿ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ನಾಕ್ ಮಳ ದೂರ ನಿಂತ ಮಾಡ್ರಿ."

ಕೂರುವ ಪದ್ಧತಿ ಶುರುವಾದದ್ದು ಒಂದು ಅವಮಾನದಿಂದ. ಮುಂಡರಗಿಯ ಟೇಲರ್ ಜಾಸ್ಮಿನ ಅವರಿಗೆ ಎಂಟು ತಾಸು ನಡೆಯುತ್ತದೆಂದು ಹಳೆಯ ಬಗೆಯ ಬ್ಯಾಟರಿಯೊಂದನ್ನು ಇವರೇ ಆರಿಸಿ ಕೊಟ್ಟಿದ್ದರು. ಡಬ್ಬಿಯ ಮೇಲಿನ ಅಂಕಿಯನ್ನು ಪೂರಾ ನಂಬಿದ್ದೇ ತಪ್ಪಾಯಿತು. ಮದುವೆಯ ಜಂಪರುಗಳು ಅರ್ಧ ಹೊಲಿದಿರುವಾಗಲೇ ಮಷಿನ್ ನಿಂತಿತು. ಜಾಸ್ಮಿನ ಜಗಳ ತೆಗೆಯಲಿಲ್ಲ, ಒಂದೇ ಪ್ರಶ್ನೆ ಕೇಳಿದರು: "ಎಂಟ್ ತಾಸು ಅಂದ್ರಲ್ಲ, ನೀವು ಒಮ್ಮೆರ ಎಂಟ್ ತಾಸು ಕುಂತ್ ನೋಡೀರೇನು?" ಆ ಮಾತು ಮಂಜವ್ವನಿಗೆ ಇವತ್ತಿಗೂ ಚುಚ್ಚುತ್ತದೆ. ಅಂದಿನಿಂದ ಅವರು ಕೂರುತ್ತಾರೆ.

ಕೂರುವ ಮೊದಲು ಇನ್ನೊಂದು ಶಿಸ್ತಿದೆ. ಎಂಟು ದಿನ ಗೋಡೆಯ ಕ್ಯಾಲೆಂಡರಿನಲ್ಲಿ, ಯಾವ ಯಂತ್ರ ಎಷ್ಟು ಹೊತ್ತು ಓಡಿತು ಎಂದು ಮನೆಯವರೇ ಬರೆಯಬೇಕು. ಬರೆಯದ ಮನೆಗೆ ಬ್ಯಾಟರಿ ಹೇಳುವುದಿಲ್ಲ, ಜಪ್ಪಯ್ಯ ಅಂದರೂ ಹೇಳುವುದಿಲ್ಲ.

ಲಕ್ಷ್ಮೇಶ್ವರದ ಈ ಮನೆಯಲ್ಲಿ ಆಚಾರ್ಯರ ಹೆಂಡತಿ ಭಾಗೀರಥಿಬಾಯಿ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು. ಮಾಳಿಗೆಗೆ ಫಲಕ ಹಾಕಿಸಿದಾಗ ಇನ್ನು ಕರೆಂಟಿನ ಚಿಂತೆಯೇ ಇಲ್ಲ ಎಂದುಕೊಂಡಿದ್ದರು ಅವರು. ಆದರೆ ಬ್ಯಾಟರಿಯಿಲ್ಲದ ಸಾಮಾನ್ಯ ಸೋಲಾರ್, ಕಂಬದ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಇಲ್ಲದಿದ್ದರೆ ಫಲಕದ ಕರೆಂಟು ಬೀದಿಯ ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ನನ ಜೀವಕ್ಕೆ ಅಪಾಯ. ಇದು ಗೊತ್ತಾದದ್ದು ನಡುಮಧ್ಯಾಹ್ನ ಯಂತ್ರ ನಿಂತು, ಆಚಾರ್ಯರ ತುಟಿ ನೀಲಿಗಟ್ಟಿದಾಗ. "ಸೂರ್ಯಾ ನೆತ್ತಿ ಮ್ಯಾಲ ಅದಾನ, ಮನ್ಯಾಗ ಕರೆಂಟಿಲ್ಲ. ಇದನ್ನ ಮಾರೂ ಮುಂದ ಯಾರೂ ಹೇಳಂಗಿಲ್ಲ" ಎನ್ನುವಾಗ ಮಂಜವ್ವನ ದನಿ ಬಿರುಸಾಗುತ್ತದೆ.

ಅಂಗಡಿಯ ಮಾಲೀಕ ಗವಿಸಿದ್ದೇಶ ಈ ಮನೆಗೆ ಹತ್ತು ಯೂನಿಟ್ ಹಿಡಿಯುವ ಬ್ಯಾಟರಿ, ದೊಡ್ಡ ಇನ್ವರ್ಟರ್ ಎರಡನ್ನೂ ಗೊತ್ತು ಮಾಡಿದ್ದರು. ಮಂಜವ್ವ ಐದು ಯೂನಿಟ್ಟಿನ ಲಿಥಿಯಂ ಬ್ಯಾಟರಿ ಸಾಕೆಂದು ಪಟ್ಟು ಹಿಡಿದರು. "ಡಬ್ಬಿ ಮ್ಯಾಲ ಐದು ಅಂತ ಬರದಿರತೈತಿ, ಕೈಗೆ ಸಿಗೂದು ನಾಕು. ಮಷಿನ್, ಒಂದು ಫ್ಯಾನು, ಒಂದು ಲೈಟು ಸೇರಿ ತಾಸಿಗೆ ಅರ್ಧ ಯೂನಿಟ್ಟಿಗೂ ಕಡಿಮಿ. ಒಂಬತ್ತ್ ತಾಸು ಆತಲ್ರಿ. ಫ್ರಿಜ್ಜು ಗೀಜರ್ ಈ ಲೈನಿಗೆ ಬ್ಯಾಡ." ಗವಿಸಿದ್ದೇಶ ಒಪ್ಪಿದರು, ಆದರೆ ಒಂದು ಷರತ್ತಿನೊಂದಿಗೆ: ಇದೂ ಸೋತರೆ ಕೂರುವುದು ಬಂದ್, ಮಂಜವ್ವನಿಗೆ ಅಂಗಡಿಯ ಕೆಲಸವೂ ಬಂದ್.

ಎಂಟೂವರೆಗೆ ಯಂತ್ರ ಕೀರಲು ದನಿಯಲ್ಲಿ ಕೂಗಿಕೊಂಡು ನಿಲ್ಲುತ್ತದೆ. ಫ್ಯಾನೂ ನಿಲ್ಲುತ್ತದೆ. ಭಾಗೀರಥಿಬಾಯಿ ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಮಂಜವ್ವ ನಳಿಕೆಯನ್ನು ಸಿಲಿಂಡರಿಗೆ ಜೋಡಿಸಿ ಆಗಿದೆ. ಆಚಾರ್ಯರ ಉಸಿರು ಹದಕ್ಕೆ ಬರುವವರೆಗೂ ಅವರ ಕೈ ಹಿಡಿದುಕೊಂಡೇ ಇರುತ್ತಾರೆ. ಆಮೇಲೆ ಎದ್ದು ಬ್ಯಾಟರಿಯ ಪರದೆ ನೋಡುತ್ತಾರೆ. ನೂರಕ್ಕೆ ಎಪ್ಪತ್ತಾರು ಇನ್ನೂ ಉಳಿದಿದೆ. ಅಂದರೆ ಬ್ಯಾಟರಿ ಖಾಲಿಯಾಗಿ ನಿಂತದ್ದಲ್ಲ. ಏನೋ ಒಂದು ಭಾರಿ ಮೋಟಾರು ಶುರುವಾಗುವಾಗ ಒಮ್ಮೆಲೇ ಎಳೆದಿದೆ, ಇನ್ವರ್ಟರ್ ತಡೆಯಲಾರದೆ ಕೈಬಿಟ್ಟಿದೆ.

"ಮನ್ಯಾಗ ಈಗ ಯಾರ್ ಏನ್ ಹಚ್ಚಿದ್ರಿ?"

ಹಿತ್ತಿಲಿನಿಂದ ಒದ್ದೆ ಪಂಚೆಯಲ್ಲಿ ಮಗ ಮುಕುಂದ ಬರುತ್ತಾರೆ. ತಂದೆಯ ಬದಲಿಗೆ ಈಗ ಗುಡಿಯ ಪೂಜೆ ಮಾಡುವವರು ಅವರೇ. ದೇವರ ಅಭಿಷೇಕಕ್ಕೆ ಮಡಿನೀರು ಎತ್ತಲು ಬಾವಿಯ ಮೋಟಾರು ಹಚ್ಚಿದ್ದರು. ಕರೆಂಟು ಹೋದರೂ ದೇವರ ನೀರು ನಿಲ್ಲಬಾರದೆಂದು, ವೈರಿಂಗ್ ಮಾಡಿದ ಶಫೀಕನಿಗೆ ಹೇಳಿ ಅದನ್ನು ಬ್ಯಾಟರಿಯ ಲೈನಿಗೇ ಸೇರಿಸಿದ್ದರು. ಕ್ಯಾಲೆಂಡರಿನಲ್ಲಿ ಅದರ ಸುಳಿವೇ ಇಲ್ಲ. "ಅದು ದೇವರ ಕೆಲಸ ಅಲ್ಲೇನವಾ, ಮನಿ ಕರೆಂಟಿನಾಗ ಬರೀಬೇಕಂತ ನನಗ ಹೊಳೀಲೇ ಇಲ್ಲ" ಎನ್ನುವ ಭಾಗೀರಥಿಬಾಯಿಯ ಕಣ್ಣು ತುಂಬುತ್ತದೆ.

ಅಳತೆಗೆ ಬಂದ ದಿನ ಮಂಜವ್ವ ಎಲ್ಲ ಕೋಣೆ ನೋಡಿದ್ದರು, ಹಿತ್ತಿಲೊಂದನ್ನು ಬಿಟ್ಟು. ಅಲ್ಲಿ ಮಡಿ ಎಂದಿದ್ದರಿಂದ ಹೊಸ್ತಿಲಲ್ಲೇ ನಿಂತು ಹಿಂದಿರುಗಿದ್ದರು. ಇಂದು ಅದೇ ಹೊಸ್ತಿಲ ಮೇಲೆ ಭಾಗೀರಥಿಬಾಯಿ ಅಭ್ಯಾಸದಂತೆ ಕೈ ಅಡ್ಡ ಹಿಡಿಯುತ್ತಾರೆ. ಮಂಜವ್ವ ಹಿಂದೆ ಸರಿಯುವುದಿಲ್ಲ.

"ಬಾಯಾರ, ಅವತ್ತ್ ನಾ ದಾಟಲಿಲ್ಲ, ಇವತ್ತ್ ಮಷಿನ್ ನಿಂತ್ತು. ಕೈ ತಗೀರಿ."

ಒಳಗಿನಿಂದ ಆಚಾರ್ಯರ ಸಣ್ಣ ದನಿ ಬರುತ್ತದೆ. "ಭಾಗೀ, ಬಿಡು ಅಕಿನ್ನ. ಉಸಿರೇ ಇಲ್ಲಂದ್ರ ಮಡಿ ಯಾರಿಗೆ ಬೇಕಾಗ್ಯದ." ಕೈ ಕೆಳಗಿಳಿಯುತ್ತದೆ. ಮಂಜವ್ವ ಬಾವಿಯ ಬಳಿ ಹೋಗುತ್ತಾರೆ. ಮೋಟಾರಿನ ಮೇಲುಗಡೆ ನೀರು ಸೇದುವ ಗಡಗಡಿಯಿದೆ, ಅದರಲ್ಲಿ ಹಗ್ಗ, ಹಗ್ಗದ ತುದಿಗೆ ತಾಮ್ರದ ಕೊಡ.

ಫೋನಿನಲ್ಲಿ ಗವಿಸಿದ್ದೇಶ ಕೆರಳಿದ್ದಾರೆ. "ನಾ ಹೇಳಿದ್ನಿಲ್ಲೋ ಮಂಜವ್ವಾ? ದೊಡ್ಡ ಇನ್ವರ್ಟರ್, ದೊಡ್ಡ ಬ್ಯಾಟರಿ ಕೊಟ್ಟ ಬಿಡು. ನಿನ್ನ ಕುಂಡ್ರೂ ಆಟ ಸಾಕಿನ್ನ."

"ಬ್ಯಾಟರಿ ಸೋತಿಲ್ರಿ ಸಾವ್ಕಾರ್ರ, ನಾ ಸೋತೀನಿ. ಒಂದು ಹೊಸ್ತಲಾ ನೋಡದ ಬಿಟ್ಟಿದ್ನಿ. ದೊಡ್ಡದು ಕೊಡಂಗಿಲ್ಲ. ಕರೆಂಟ್ ಹೋದ್ರ ನೀರಿಗೆ ಹಗ್ಗ ಐತಿ, ಉಸಿರಿಗೆ ಹಗ್ಗ ಇಲ್ಲ. ಬ್ಯಾಟರಿ ಉಸಿರಿಗಷ್ಟ ಇರಲಿ. ನಾಳೆ ಮತ್ತ ಕುಂಡ್ರತೀನಿ. ನಾಳೆನೂ ನಿಂತ್ರ ನಾನ ಕೆಲಸಾ ಬಿಡ್ತೀನಿ."

ಶಫೀಕನನ್ನು ಕರೆಸಿ ಮೋಟಾರಿನ ತಂತಿಯನ್ನು ಕಂಬದ ಲೈನಿಗೆ ಬದಲಿಸುತ್ತಾರೆ. ಎರಡೂ ಸ್ವಿಚ್ ಮೇಲೇರಿಸಿ, ಸಂಜೆಯೊಳಗೆ ಬ್ಯಾಟರಿ ಬಿಸಿಲಿಗೆ ಪೂರ್ತಿ ತುಂಬುವುದನ್ನು ನೋಡಿಕೊಂಡು ಬೆಟಗೇರಿಗೆ ಮರಳುತ್ತಾರೆ. ನೂರಾ ಹದಿನಾರು ಮನೆಗಳಲ್ಲಿ ಇನ್ನೆಷ್ಟು ಕಡೆ ಇಂಥ ಹೊಸ್ತಿಲ ಮುಂದೆ ನಿಂತು ಬಂದಿದ್ದೇನೋ ಎಂಬ ಯೋಚನೆ ದಾರಿಯುದ್ದಕ್ಕೂ ಅವರನ್ನು ಕಾಡುತ್ತದೆ. ಮನೆ ಮುಟ್ಟುವಷ್ಟರಲ್ಲಿ ತೀರ್ಮಾನವಾಗಿದೆ. ಇನ್ನು ಮುಂದೆ ದೇವರ ಕೋಣೆ, ಹಿತ್ತಿಲು, ಬಾವಿ ಎಲ್ಲ ತೋರಿಸಿದರೆ ಮಾತ್ರ ಬ್ಯಾಟರಿ.

ಮರುದಿನ ಆರಕ್ಕೆ ಮೇನ್ ಮತ್ತೆ ಇಳಿಯುತ್ತದೆ. ಎಂಟೂವರೆಗೆ ಹಿತ್ತಿಲಲ್ಲಿ ಗಡಗಡಿ ಕಿರುಗುಟ್ಟುವ ಸದ್ದು. ಮುಕುಂದ ಹಗ್ಗ ಜಗ್ಗುತ್ತಿದ್ದಾರೆ. ಯಂತ್ರ ನಿಲ್ಲುವುದಿಲ್ಲ. ಹತ್ತು, ಹನ್ನೊಂದು, ಹನ್ನೆರಡು. ಹಸಿರು ದೀಪಕ್ಕೆ ಕಾವಲು ಕೂತಂತಿದ್ದ ಆಚಾರ್ಯರ ಕಣ್ಣುಗಳು ಒಂದರ ಸುಮಾರಿಗೆ ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ಭಾಗೀರಥಿಬಾಯಿ ಗಾಬರಿಯಿಂದ ಬಗ್ಗಿ ನೋಡುತ್ತಾರೆ. ಎದೆ ಸಮನಾಗಿ ಏರಿಳಿಯುತ್ತಿದೆ, ನಿದ್ದೆ ಹತ್ತಿದೆ. ಕರೆಂಟು ಇಲ್ಲವೆಂದು ಗೊತ್ತಿದ್ದೂ ಅವರು ನಿದ್ದೆ ಮಾಡಿದ್ದು ಈ ವರ್ಷದಲ್ಲಿ ಇದೇ ಮೊದಲು ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಮಂಜವ್ವ ಹೇಳುವುದು ಇಷ್ಟು. "ನನ್ನಂಗ ಕುಂಡ್ರೂ ಹೆಣ್ಮಕ್ಕಳು ಇನ್ನೂ ನಾಕ್ ಮಂದಿ ಆಗಬೇಕ್ರಿ. ತಾಲೂಕಿಗೊಬ್ಬಾಕಿ ಆದ್ರೂ ಸಾಕು. ಕುಂತ್ ನೋಡದ ಮಾರಬಾರದು, ಅಷ್ಟ."

ಮೂರು ಗಂಟೆಗೆ ಸರಿಯಾಗಿ ಫೋನ್ ಬಡಿದುಕೊಳ್ಳುತ್ತದೆ. ಗವಿಸಿದ್ದೇಶರ ದನಿ ಪಡಸಾಲೆಗೆಲ್ಲ ಕೇಳುವಷ್ಟು ಜೋರಾಗಿದೆ. ಏನಾಯಿತು, ನಿಂತಿತೋ ಇಲ್ಲವೋ ಎಂಬುದೇ ಅವರ ಪ್ರಶ್ನೆ. ಮಂಜವ್ವ ಫೋನಿಗೆ ಅಂಗೈ ಅಡ್ಡ ಹಿಡಿದು ಪರದೆಯತ್ತ ಒಮ್ಮೆ ನೋಡುತ್ತಾರೆ.

"ನೂರಕ್ಕ ಹದಿನಾಕ ಇನ್ನೂ ಉಳದೈತ್ರಿ ಸಾವ್ಕಾರ್ರ. ಸಣ್ಣಗ ಮಾತಾಡ್ರಿ. ಆಚಾರ್ರು ಮಲಗ್ಯಾರ."