ಮಾವಶಿಯ ಕಾಗದದ ಹೂದಾನಿ

ಮೊನ್ನೆ ಸೊಸೆ ಮೆಂತ್ಯ ನೆನೆಹಾಕಿ ಮರೆತುಬಿಟ್ಟಿದ್ದಳು. ಎರಡು ದಿನದ ಮೇಲೆ ಮುಚ್ಚಳ ತೆಗೆದಾಗ ಕಹಿ, ಹುಳಿ ಕೂಡಿದ ವಾಸನೆ ಅಡುಗೆಮನೆ ತುಂಬಿತು. ಅವಳು ಮೂಗು ಮುಚ್ಚಿಕೊಂಡಳು. ನಾನು ಪಾತ್ರೆಯ ಮೇಲೆ ಬಗ್ಗಿ ನಿಂತೆ. ಅದರ ಜೊತೆಗೆ ಒದ್ದೆ ಕಾಗದದ ವಾಸನೆಯೂ ಇರಬೇಕಿತ್ತು...

ಮದುವೆಯಾಗಿ ಗಡಹಿಂಗ್ಲಜದಿಂದ ಇಚಲಕರಂಜಿಗೆ ನಾನು ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಅಲ್ಲಿಯ ಶಹಾಪುರದ ಒಂದು ಚಾಳಿನಲ್ಲಿ ನಮ್ಮದೊಂದು ಖೋಲಿ, ಒಂದೇ ಕೋಣೆಯ ಮನೆ. ಪಕ್ಕದ ಖೋಲಿಯಾಕೆಯನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಕೆಯ ಗಂಡ ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಇದ್ದೊಬ್ಬ ಮಗಳು ಎರಡು ವರ್ಷದ ಹಿಂದೆ ಹುಪರಿಯ ಬೆಳ್ಳಿ ಕೆಲಸದ ಹುಡುಗನ ಜೊತೆ ಹೋಗಿಬಿಟ್ಟಿದ್ದಳು. ಅವನು ಬೇರೆ ಜಾತಿಯವನು. ಹುಡುಗನ ಮನೆಯವರೂ ಬಾಗಿಲು ಹಾಕಿದ್ದರು. ಇಬ್ಬರೂ ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಹೆಸರು ಮನೆಯಲ್ಲಿ ಎತ್ತಬಾರದೆಂದು ಮಾವಶಿಯ ಗಂಡ ಹೇಳಿದ್ದ. ಇಷ್ಟನ್ನೂ ನನಗೆ ಹೇಳಿದ್ದು ನಳದ ಹತ್ತಿರದ ಹೆಂಗಸರು. ಮಾವಶಿ ಹೇಳಲಿಲ್ಲ.

ಹಳೆಯ ಕಾಗದ ನೆನೆಸಿ, ಮೆಂತ್ಯ ಸೇರಿಸಿ, ಒರಳಿನಲ್ಲಿ ಕುಟ್ಟಿ ರೊಟ್ಟಿಯ ಬುಟ್ಟಿ ಮಾಡುವುದು ಆಗ ಮನೆಮನೆಯಲ್ಲೂ ಇತ್ತು. ಮಾವಶಿ ಮಾತ್ರ ಉದ್ದ ಕತ್ತಿನ ಹೂದಾನಿ ಮಾಡುತ್ತಿದ್ದಳು. ತಂಬಿಗೆ ಬೋರಲು ಹಾಕಿ ಅದರ ಮೇಲೆ ಕುಟ್ಟಿದ ಕಾಗದದ ಮುದ್ದೆ ಬಡಿದು, ಒಣಗಿದ ಮೇಲೆ ಸೀಳಿ ತೆಗೆದು, ಮತ್ತೆ ಬೆಸೆದು, ಕತ್ತನ್ನು ಬರಿಗೈಯಲ್ಲಿ ಎಳೆಯುತ್ತಿದ್ದಳು. ನನಗೆ ತಿಳಿಯದಿದ್ದದ್ದು ಒಂದೇ. ಕಾಗದದ ಪಾತ್ರೆಯಲ್ಲಿ ನೀರು ನಿಲ್ಲುವುದಿಲ್ಲ, ಹೂವು ಹೇಗೆ ನಿಂತೀತು?

ಚಾಳಿನ ಒಬ್ಬಾಕೆ ಕೇಳಿಯೇ ಬಿಟ್ಟಳು. "ನೀರ ಹಾಕಾಕ ಬರೂದಿಲ್ಲ, ಜ್ವಾಳಾ ತುಂಬಾಕ ಬರೂದಿಲ್ಲ. ಇದೇನ ಭಾಂಡಿ ಮಾವಶಿ?"

"ನಿನ್ನ ತಲಿಯಂಗ ಖಾಲಿ ಇರ್ಲಿ ಅಂತ ಮಾಡೇನಿ, ತಗೋ."

ದಸರೆಯ ಹೊತ್ತಿಗೆ ಆಕೆ ಕಬನೂರ ಕಡೆಯ ಹೊಲಗಳ ಬದುವಿಗೆ ಹೋಗುತ್ತಿದ್ದಳು. ಎಲ್ಲರೂ ಚೆಂಡುಹೂ ತಂದರೆ ಆಕೆ ತರುತ್ತಿದ್ದದ್ದು ಕೋಳಿಜುಟ್ಟಿನ ಹೂ, ಮತ್ತೆ ಜೋಳದ ನಡುವೆ ಕಳೆಯಾಗಿ ಏಳುವ, ಮರಾಠಿಯವರು ಕುರಡು ಎನ್ನುವ, ತೆನೆಯಂಥ ಗುಲಾಬಿ ಹೂ. ಇವು ಒಣಗಿದರೂ ತಲೆ ಬಗ್ಗಿಸುವುದಿಲ್ಲ. ಗುರೆಳ್ಳಿನ ಹಳದಿ ಹೂ ಕಂಡರೆ ಭಾಳ ಆಸೆ, ಆದರೆ ಮುಟ್ಟುತ್ತಿರಲಿಲ್ಲ. "ಮನಿ ಮುಟ್ಟೂದ್ರಾಗ ಸಾಯ್ತೈತಿ" ಎನ್ನುತ್ತಿದ್ದಳು. ಉದ್ದದ್ದನ್ನು ಮೊದಲು ಇಟ್ಟು, ಗಿಡ್ಡದ್ದನ್ನು ಆತು ನಿಲ್ಲಿಸಿ, ಒಂದು ಕಡ್ಡಿಯನ್ನು ಬೇಕೆಂದೇ ಹೊರಗೆ ಬಾಗಿಸುತ್ತಿದ್ದಳು. ಆಮೇಲೆ ಬಾಗಿಲ ತನಕ ಹಿಂದೆ ಸರಿದು ಬಹಳ ಹೊತ್ತು ನೋಡುತ್ತಿದ್ದಳು.

ಆಕೆಗೆ ಓದು ಬರುತ್ತಿರಲಿಲ್ಲ. ದೇವರ ಹೆಸರಿರುವ ಕಾಗದ ಒರಳಿಗೆ ಬೀಳಬಾರದು, ಹಾಗಾಗಿ ರದ್ದಿಯನ್ನು ನಾನು ಓದಿ ಬೇರೆ ಮಾಡಿ ಕೊಡುತ್ತಿದ್ದೆ. ಓದದ ರದ್ದಿ ಒಳಗಿನ ಚೀಲದಲ್ಲಿ. ಓದಿದ್ದು ಹೊಸ್ತಿಲ ಪಕ್ಕ, ಇಟ್ಟಿಗೆಯ ಕೆಳಗೆ. ಇಟ್ಟಿಗೆಯ ಕೆಳಗಿನದನ್ನು ಆಕೆ ನೋಡದೆ ಹರಿದು ನೆನೆಹಾಕುತ್ತಿದ್ದಳು. ಇದು ನಮ್ಮಿಬ್ಬರ ನಡುವಿನ ನೇಮ.

ಒಂದು ವರ್ಷ ದಸರೆ ಮುಗಿದ ವಾರ, ಮಾವಶಿ ಹೂವಿಗೆ ಹೋದಾಗ, ಟಪಾಲಿನವನು ಆಕೆಯ ಹೆಸರಿನ ಪಾಕೀಟನ್ನು ನನ್ನ ಕೈಯಲ್ಲಿ ಕೊಟ್ಟ. ಹಿಂದಿನ ಬದಿಯಲ್ಲಿ ಮಗಳ ಹೆಸರು. ಕೆಳಗೆ ಕೊಲ್ಹಾಪುರದ ಒಂದು ಪೇಠೆ. ಅವಳು ಹೋದ ಮೇಲೆ ಬಂದ ಮೊದಲ ಪತ್ರ. ಪಾಳಿ ಮುಗಿಸಿ ಮಾವಶಿಯ ಗಂಡ ಬರುವ ಹೊತ್ತು. ಅವನ ಕಣ್ಣಿಗೆ ಬಿದ್ದರೆ ಒಲೆಗೆ ಹೋಗುತ್ತಿತ್ತು. ಅವನು ಮುಟ್ಟದ ಜಾಗ ಅದೊಂದೇ ಎಂದು ಯೋಚಿಸಿ, ಮಾವಶಿ ಬಂದ ಕೂಡಲೇ ತೆಗೆದುಕೊಟ್ಟರಾಯಿತೆಂದು, ಇಟ್ಟಿಗೆಯ ಕೆಳಗಿನ ರದ್ದಿಯ ನಡುವೆ ಬಚ್ಚಿಟ್ಟೆ. ಅಷ್ಟರಲ್ಲಿ ನಳಕ್ಕೆ ನೀರು ಬಂತೆಂದು ಕೂಗಿದರು, ಕೊಡ ತೆಗೆದುಕೊಂಡು ಹೋದೆ.

ಸರತಿ ಉದ್ದವಿತ್ತು. ತಿರುಗಿ ಬಂದಾಗ ಮಾವಶಿ ಒರಳಿನ ಮುಂದೆ ಕೂತಿದ್ದಳು. ಇಟ್ಟಿಗೆಯ ಕೆಳಗೆ ಬರಿದಾಗಿತ್ತು.

"ನಡುವ ಒಂದ ಪಾಕೀಟ ಇತ್ತಲ್ರಿ ಮಾವಶಿ... ನೋಡಿದ್ರೇನ್ರಿ?"

"ಎಂಥಾ ಪಾಕೀಟ? ನೆನಿಯಾಕ ಬಿಟ್ಟಿಲ್ಲ, ಬಿಸಿನೀರ ಹಾಕಿ ಕುಟ್ಟಾಕತ್ತೇನಿ. ಯಾಕ?"

ಹೇಳಿದೆ. ಆಕೆಯ ಕೈ ಒನಕೆಯ ಮೇಲೆ ನಿಂತಿತು. ಇಬ್ಬರೂ ಆ ಮುದ್ದೆಯನ್ನು ಮೊರದಲ್ಲಿ ಹರಡಿ ಬೆರಳಿನಿಂದ ಬಿಡಿಸಿದೆವು. ಒಂದು ಕಡೆ ನೀಲಿ ಶಾಯಿ ಹರಡಿದ ಬಣ್ಣ ಮಾತ್ರ ಇತ್ತು. ಓದಲು ಒಂದು ಅಕ್ಷರವೂ ಉಳಿದಿರಲಿಲ್ಲ.

ಕಡೆಗೆ ಆಕೆ ಕೇಳಿದಳು. "ಪಾಕೀಟಿನ ಮ್ಯಾಲ ಅಕ್ಷರ ಹೆಂಗಿದ್ವು? ಕೈ ನಡುಗಿದಂಗ ಇದ್ವೇನು?"

"ಇಲ್ರಿ. ದುಂಡಗ ಇದ್ವು."

"ಹಂಗಾರ ಆರಾಮ ಅದಾಳ" ಎಂದಳು. ಆಮೇಲೆ, "ಯಾವ ಪೇಠ್ ಅಂತ ಬರದಿದ್ಲು?"

ವಾರದ ಹೆಸರಿನ ಪೇಠೆ ಎಂಬುದಷ್ಟೇ ನನಗೆ ನೆನಪಿತ್ತು. ಮಂಗಳವಾರವೋ, ಶುಕ್ರವಾರವೋ... ಓದಿದ್ದೆ, ಖಂಡಿತ ಓದಿದ್ದೆ. ಮಾವಶಿಯ ಗಂಡನಿಗೆ ಕೊಲ್ಹಾಪುರದ ಅಂಬಾಬಾಯಿಯ ದರ್ಶನವೆಂದು ಹೇಳಿ ನಾವು ಎರಡು ಸಲ ಬಸ್ಸು ಹತ್ತಿದೆವು. ಬೆಳ್ಳಿ ಕೆಲಸದವರ ಮನೆ ಕೇಳುತ್ತ ಓಣಿ ಓಣಿ ತಿರುಗಿದೆವು. ಸಿಗಲಿಲ್ಲ.

ಆ ಮುದ್ದೆಯನ್ನು ಆಕೆ ಚೆಲ್ಲಲಿಲ್ಲ. ಹೂದಾನಿ ಮಾಡಿದಳು, ಬಣ್ಣ ಬಳಿಯಲಿಲ್ಲ. ಅದರಲ್ಲಿ ಕುರಡು ತುಂಬಿ ರಸ್ತೆ ಕಡೆಯ ಕಿಟಕಿಯಲ್ಲಿಟ್ಟಳು. ಅಲ್ಲಿಯ ತನಕ ಆಕೆಯ ಹೂಗಳ ಮುಖ ಖೋಲಿಯ ಒಳಗಿರುತ್ತಿತ್ತು, ಇವುಗಳ ಮುಖ ಹೊರಗೆ. "ಇಂಥಾದ್ದ ನಾ ಒಬ್ಬಾಕಿನ ಮಾಡೂದು. ಆಕಿ ಈ ಕಡೆ ಹಾದ್ರ ಗುರ್ತ ಹಿಡೀತಾಳ. ಕರ್ದಂಗ ಆಗ್ತೈತಿ" ಎಂದಳು. ಗಂಡ ಅದನ್ನು ನೋಡಿದ. ಒಂದು ದಿನವೂ ಅದನ್ನು ಒಳಗೆ ತಿರುಗಿಸಲಿಲ್ಲ. ಅವನಿಗೆ ಎಷ್ಟು ಗೊತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಮತ್ತೆ ಪತ್ರ ಬರಲಿಲ್ಲ. ಕೆಲವು ವರ್ಷಕ್ಕೆ ನಾವು ಗಡಹಿಂಗ್ಲಜಕ್ಕೆ ಮರಳಿದೆವು. ಮಾವಶಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ಆಗಲೂ ಕಿಟಕಿಯಲ್ಲಿ ಹೂವಿದ್ದವಂತೆ.

ಆ ಮಗಳು ಬದುಕಿದ್ದರೆ ಈಗ ನನ್ನಷ್ಟೇ ಮುದುಕಿ. ಅವ್ವ ಓದಿಸಿಕೊಂಡೂ ಉತ್ತರ ಬರೆಸಲಿಲ್ಲ ಎಂದುಕೊಂಡೇ ಆಕೆ ಇಷ್ಟು ವರ್ಷ ಕಳೆದಿರಬೇಕು. ಎಲ್ಲಾದರೂ ನೀವು ಇದನ್ನು ಓದುತ್ತಿದ್ದರೆ, ನಿಮ್ಮ ಪತ್ರ ನಿಮ್ಮ ಅವ್ವನ ತನಕ ಮುಟ್ಟಲಿಲ್ಲ. ಇಟ್ಟಿಗೆಯ ಕೆಳಗೆ ಇಟ್ಟವಳು ನಾನು.