ಎಡಗಿವಿಯ ಜಡೆ

ನಾನು ಐದನೇತ್ತೆಗೆ ಶಾಲೆ ಬಿಟ್ಟವನು. ಬರೆದು ರೂಢಿಯಿಲ್ಲ. ಆದರೆ ಈ ಸಂಗತಿಯನ್ನು ಬಾಯಿಂದ ಹೇಳಿದಾಗ ನಂಬಬೇಕಾದವಳು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲ. ಅವ್ವ ತೀರಿಕೊಂಡಾಗ ಅಕ್ಕನಿಗೆ ಎಂಟು ವರ್ಷ, ನನಗೆ ಐದು. ಅಂದಿನಿಂದ ಅಕ್ಕನ ತಲೆ ಬಾಚುವುದು ಅಪ್ಪನ ಪಾಲಿಗೆ ಬಂತು. ಚೀಲ ಹೊತ್ತು ಒಡೆದ ಬೆರಳುಗಳಿಗೆ ಕೂದಲು ಸಿಕ್ಕಿಕೊಂಡು ಅಕ್ಕ ಚೀರುತ್ತಿದ್ದಳು. ಜಡೆ ಹಾಕುವುದನ್ನು ಅಪ್ಪ ಕಲಿತದ್ದು ಗಿರಣಿಯಲ್ಲಿ, ಸುತಳಿಯ ಮೇಲೆ.

ಚೀಲದ ಬಾಯಿ ಹೊಲಿಯುವಾಗ ಎತ್ತುವವರಿಗೆ ಹಿಡಿಯಲೆಂದು ಎರಡೂ ಮೂಲೆಗೆ ಒಂದೊಂದು ಕಿವಿ ಬಿಡುತ್ತಾರೆ. ದಬ್ಬಣದಲ್ಲಿ ಬಲಗಿವಿಯಿಂದ ಹೊಲಿಯುತ್ತ ಬಂದು ಎಡಗಿವಿಗೆ ಸುತಳಿ ಸುತ್ತಿ ಗಂಟು ಹಾಕಿದರೆ ಮುಗಿಯಿತು. ಅಪ್ಪ ಮಾತ್ರ ಉಳಿದ ಸುತಳಿಯನ್ನು ಮೂರು ಎಳೆ ಮಾಡಿ, ಬೆರಳುದ್ದ ಜಡೆ ಹೆಣೆದು, ಆಮೇಲೆ ಗಂಟು ಹಾಕುತ್ತಿದ್ದ. ಕಲಿಯಲು ಮಾಡಿದ್ದು ಕೈಗೆ ಹತ್ತಿಬಿಟ್ಟಿತು.

"ಜಡಿ ಹಾಕಿದಿ, ಇನ್ನ ಹೂವನೂ ಮುಡಿಸಿಬಿಡಲೇ," ಎಂದು ಉಳಿದ ಹಮಾಲರು ನಗುತ್ತಿದ್ದರು.

"ನಿನ್ನ ಹೆಂಡ್ತಿ ಮುಡಿದದ್ದು ಉಳಿದಿದ್ರ ತಂದುಕೊಡು," ಎಂದು ಅಪ್ಪ ತಲೆ ಎತ್ತದೆ ಅನ್ನುತ್ತಿದ್ದ.

ಮಧ್ಯಾಹ್ನ ರೊಟ್ಟಿ ತರುತ್ತಿದ್ದ ಅಕ್ಕ ಲಾರಿಯ ಸುತ್ತ ಓಡಾಡಿ ಜಡೆಯಿದ್ದ ಚೀಲ ಹುಡುಕುತ್ತಿದ್ದಳು. "ಇದು ನಮ್ಮಪ್ಪಂದು! ಇದೂ ನಮ್ಮಪ್ಪಂದು!" ಆ ಕೂಗು ನನಗಿನ್ನೂ ಕೇಳಿಸುತ್ತದೆ.

ಅಕ್ಕ ಒಂಬತ್ತನೇತ್ತೆಯಲ್ಲಿದ್ದಾಗ ಅಪ್ಪ ಅವಳನ್ನು ಲಿಂಗಸುಗೂರಿಗೆ ಕೊಟ್ಟ. ಅವಳಿಗೆ ಓದುವ ಆಸೆಯಿತ್ತು. ನಾನೂ ಗಿರಣಿಗೆ ಸೇರಿದ್ದೆ. ಕತ್ತಲಾಗುವತನಕ ಅಪ್ಪ, ನಾನು ಇಬ್ಬರೂ ಅಲ್ಲಿ, ಹರೆಯಕ್ಕೆ ಬಂದ ಹುಡುಗಿ ಶಾಲೆಯಿಂದ ಬಂದರೆ ಒಬ್ಬಳೇ ಮನೆಯಲ್ಲಿ ಎಂಬುದು ಅಪ್ಪನ ಹೆದರಿಕೆ. ಅದನ್ನು ಅವನು ಅವಳಿಗೆ ಬಿಡಿಸಿ ಹೇಳಲಿಲ್ಲ. ಕಳಿಸಿಕೊಡುವ ದಿನ ಲಾರಿ ತುಂಬುವುದಿದೆ ಎಂದು ಹೊರಟುಹೋದ. ಅಕ್ಕ ಬಾಗಿಲಲ್ಲಿ ನಿಂತು, "ಅಪ್ಪ ಬರೋತನ ನಾ ಗಾಡಿ ಹತ್ತಂಗಿಲ್ಲ" ಎಂದು ಹಟ ಹಿಡಿದಳು. ಅಪ್ಪನನ್ನು ಕರೆತರಲು ನನ್ನನ್ನು ಓಡಿಸಿದರು.

ಗಿರಣಿಯಲ್ಲಿ ಲಾರಿ ಇರಲಿಲ್ಲ. ಅಪ್ಪ ಹೊಟ್ಟಿನ ರಾಶಿಯ ಹಿಂದೆ ಕುಂತು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದ. ನನ್ನನ್ನು ಕಂಡು ಮುಖ ಒರೆಸಿಕೊಂಡ.

"ಹೊಟ್ಟಿನ ಧೂಳು ಕಣ್ಣಾಗ ಬಿದ್ದೈತಿ. ನಾ ಬಂದ್ರ ಆಕಿನ್ನ ಬಿಡಾಕ ಆಗಂಗಿಲ್ಲಲೇ. ನೀ ಕಳಿಸು, ಹೋಗು."

ನಾನು ಬಂದು ಅಕ್ಕನಿಗೆ ಹೇಳಿದ್ದು ಇಷ್ಟೇ: "ಬರಂಗಿಲ್ಲಂತ."

"ಆತು," ಅಂದಳು. "ಆತ ಇರೋತನ ನಾ ಈ ಹೊಸ್ತಿಲ ತುಳಿಯಂಗಿಲ್ಲ."

ಮರುವರ್ಷ ಹೊಸ ಅಕ್ಕಿ ಬಂದಾಗ ಅಪ್ಪ ಅರ್ಧ ಚೀಲ ಸೋನಾ ಅಕ್ಕಿ ಕಟ್ಟಿದ. ಮನೆಯಲ್ಲಿ ನಾವು ಉಣ್ಣುತ್ತಿದ್ದದ್ದು ನುಚ್ಚು. ಬಾಯಿ ಹೊಲಿದು, ಎಡಗಿವಿಗೆ ಜಡೆ ಹಾಕಿ, ಚೀಲವನ್ನು ನನ್ನ ಹೆಗಲಿಗೆ ಏರಿಸಿದ.

"ನಾ ಕೊಟ್ಟೆ ಅಂತ ಬಾಯಿ ಬಿಡಬ್ಯಾಡ. ಜಡಿ ನೋಡಿದ್ರ ಆಕಿಗೆ ತಿಳಿತೈತಿ. ಬಾ ಅಂದ್ರ ಹೋಗ್ತೀನಿ. ಅನ್ನದಿದ್ರ ಇಲ್ಲ."

ಮಸ್ಕಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್ ಅಷ್ಟು ದೊಡ್ಡ ಚೀಲ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಚಹಾದಂಗಡಿಯವನಿಂದ ಬ್ಲೇಡು ಇಸಿದುಕೊಂಡು, ಹೊಲಿಗೆ ಕತ್ತರಿಸಿ, ಅಕ್ಕಿಯನ್ನು ಅವನೇ ಕೊಟ್ಟ ಎರಡು ಕೈಚೀಲಕ್ಕೆ ಹಾಕಿಕೊಂಡೆ. ಗೋಣಿ, ಸುತಳಿ ಅಲ್ಲೇ ಉಳಿದವು. ಅಲ್ಲಿಯವರೆಗೆ ನನ್ನದು ಬರೀ ಎಡವಟ್ಟು.

ಅಕ್ಕ ಅಕ್ಕಿಯಲ್ಲಿ ಕೈಯಾಡಿಸಿ ನನ್ನನ್ನು ನೋಡಿದಳು.

"ಯಾರು ಕಳಿಸ್ಯಾರೋ ತಮ್ಮಾ?"

ಅವಳ ದನಿಯಲ್ಲಿ ಏನನ್ನೋ ಕಾಯುವ ಆಸೆಯಿತ್ತು. ಬಾಯಿ ಬಿಡಬೇಡ ಎಂದು ಅಪ್ಪ ಹೇಳಿದ್ದಾನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

"ನೀನೇ ತಂದಿಯೇನು? ಹೊಟ್ಟಿ ಕಟ್ಟಿ ತಂದಿ, ಹೌದಿಲ್ಲೋ?" ಎಂದು ನನ್ನ ಗದ್ದ ಹಿಡಿದಳು. ಬಿಸಿ ರೊಟ್ಟಿ ಬಡಿದು, ಮೇಲೆ ಬೆಣ್ಣೆ ಇಟ್ಟು, ನಾನು ಉಣ್ಣುವತನಕ ಎದುರಿಗೆ ಕುಂತಳು. ಅವಳು ಮನೆ ಬಿಟ್ಟ ಮೇಲೆ ನಾನು ಉಂಡೆನೋ ಇಲ್ಲವೋ ಎಂದು ಯಾರೂ ನೋಡಿರಲಿಲ್ಲ. ಅಪ್ಪ ನನ್ನ ತಲೆಯನ್ನು ಒಂದು ದಿನವೂ ಮುಟ್ಟಿದವನಲ್ಲ. ಆ ಬೆಣ್ಣೆಗೆ ನಾನು ಅಪ್ಪನನ್ನು ಮಾರಿದೆ.

ಊರಿಗೆ ಬಂದಾಗ ಅಪ್ಪ ಗಿರಣಿಯ ಬಾಗಿಲಲ್ಲೇ ನಿಂತಿದ್ದ.

"ಚೀಲ ಯಾರು ಬಿಚ್ಚಿದ್ರು?"

"ಅಕ್ಕನ ಬಿಚ್ಚಿದ್ಲು."

"ಏನರ ಅಂದ್ಳೇನು?"

"ಏನೂ ಅನ್ನಲಿಲ್ಲ."

ತಲೆಯಾಡಿಸಿ ಒಳಗೆ ಹೋದ.

ಮುಂದಿನ ವರ್ಷ ಬಸ್ಸು ಕೆಡಲಿಲ್ಲ. ಆದರೂ ನಾನು ಮಸ್ಕಿಯಲ್ಲಿ ಇಳಿದೆ. ಕಿಸೆಯಲ್ಲಿ ಬ್ಲೇಡು ಇಟ್ಟುಕೊಂಡೇ ಮನೆ ಬಿಟ್ಟಿದ್ದೆ. ಆಮೇಲೆ ಪ್ರತಿ ವರ್ಷ ಹಾಗೇ. ಚಹಾದಂಗಡಿಯ ಹಿಂದೆ ಕುಂತು ಜಡೆ ಕತ್ತರಿಸಿ, ಚೀಲದ ಬಾಯಿಗೆ ಹಗ್ಗ ಬಿಗಿಯುವುದು. ಒಂದು ಸಲ ಜಡೆ ಬಹಳ ಉದ್ದವಿತ್ತು. ಮೊಳಕ್ಕೆ ಸ್ವಲ್ಪ ಕಡಿಮೆ. ಅವಳಿಗೆ ಕಾಣಿಸುತ್ತಿಲ್ಲವೇನೋ ಎಂದು ಅಪ್ಪ ಉದ್ದ ಮಾಡಿದ್ದ. ಅದನ್ನು ಕತ್ತರಿಸುವಾಗಲೂ ನನ್ನ ಕೈ ನಿಲ್ಲಲಿಲ್ಲ.

ಒಂಬತ್ತು ಚೀಲ. ಒಂಬತ್ತು ಸಲ ಅವನು ಅದನ್ನೇ ಕೇಳಿದ, ನಾನು ಅದನ್ನೇ ಹೇಳಿದೆ. ಅವಳು ಜಡೆ ನೋಡಿಯೂ ಕರೆಯುತ್ತಿಲ್ಲ ಎಂದು ಅವನು ತಿಳಿದ. ಅವನು ಒಂದು ಕಾಳು ಕೂಡ ಕಳಿಸಲಿಲ್ಲ ಎಂದು ಅವಳು ತಿಳಿದಳು. ಇಬ್ಬರ ನಡುವೆ ಬಸ್ಸಿನಲ್ಲಿ ಓಡಾಡುತ್ತಿದ್ದವನು ನಾನೊಬ್ಬನೇ.

ತೊಂಬತ್ತರ ದಶಕದ ನಡುವೆ ಅಪ್ಪ ಹಾಸಿಗೆ ಹಿಡಿದ. ಒಂದು ಮುಂಜಾನೆ ಗಂಜಿ ಕುಡಿಸುತ್ತಿದ್ದಾಗ, "ಆಕಿದೇನು ತಪ್ಪಿಲ್ಲ ಬಿಡು. ನಾ ಅವತ್ತ ಹೋಗಬೇಕಿತ್ತು," ಅಂದ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ. ನಾನು ಅವನ ಗದ್ದಕ್ಕೆ ಇಳಿದ ಗಂಜಿ ಒರೆಸಿದೆ. ಅಷ್ಟೇ ಮಾಡಿದೆ.

ಅಪ್ಪ ತೀರಿಕೊಂಡ. ಮಣ್ಣಿಗೆ ಅಕ್ಕ ಬಂದಳು. ಅಳಲಿಲ್ಲ. ಹೊರಡುವಾಗ ನನ್ನ ಕೈ ಹಿಡಿದು, "ನನಗ ತವರುಮನಿ ಅಂದ್ರ ನೀನೊಬ್ಬನ," ಅಂದಳು. ಆ ಮಾತನ್ನು ಒಂದು ವರ್ಷ ಹೊತ್ತು ತಿರುಗಿದೆ.

ಮರುವರ್ಷ ನಾನೇ ಅಕ್ಕಿ ತೆಗೆದುಕೊಂಡು ಹೋಗಿ, ಅವಳ ಕಟ್ಟೆಯ ಮೇಲೆ ಕುಂತು ಎಲ್ಲ ಹೇಳಿದೆ. ಹೊಟ್ಟಿನ ರಾಶಿ, ಬ್ಲೇಡು, ಉದ್ದದ ಜಡೆ. ಅಕ್ಕ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಕೈ ನಿಂತಿತು.

"ಸತ್ತ ಮ್ಯಾಲ ಎಲ್ಲಾರೂ ಒಳ್ಳೆಯವರ ಆಗ್ತಾರ," ಅಂದಳು. "ನನಗ ಸಮಾಧಾನ ಆಗಲಿ ಅಂತ ಕಥಿ ಕಟ್ಟಾಕತ್ತೀಯೇನು?"

"ಇಲ್ಲಕ್ಕ. ನಿನ್ನಾಣಿ."

"ಒಂಬತ್ತು ವರ್ಷ ನನ್ನ ಎದುರಿಗೆ ಕುಂತು ಸುಳ್ಳ ಹೇಳ್ದವನ ಮಾತು ಇವತ್ತ ಹ್ಯಾಂಗ ನಂಬಲಿ? ಅವತ್ತಿಂದು ಸುಳ್ಳಾದ್ರ ಇವತ್ತಿಂದೂ ಸುಳ್ಳ ಇರಬಹುದು. ಇವತ್ತಿಂದು ಖರೆ ಆದ್ರ…" ಅಲ್ಲಿಗೆ ನಿಲ್ಲಿಸಿ ಮೊರ ಕೆಳಗಿಟ್ಟಳು.

ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಒಂಬತ್ತೂ ಜಡೆ ಮಸ್ಕಿಯ ಚಹಾದಂಗಡಿಯ ಹಿಂದೆ ಮಣ್ಣಾಗಿದ್ದವು. ನಾನು ತಂದ ಚೀಲದ ಸುತಳಿ ಬಿಚ್ಚಿ, ಮೂರು ಎಳೆ ಮಾಡಿ, ಅಪ್ಪ ಹೆಣೆದಂತೆ ಹೆಣೆಯಲು ನೋಡಿದೆ. ಬರಲಿಲ್ಲ. ಅಷ್ಟು ವರ್ಷ ಕತ್ತರಿಸಿದ್ದೆ, ಹೆಣೆಯುವುದನ್ನು ಒಮ್ಮೆಯೂ ಕಲಿತಿರಲಿಲ್ಲ.

"ನೋಡಿದ್ರ ನಿನಗ ಗುರ್ತು ಸಿಗತಿತ್ತಿಲ್ಲಕ್ಕ?" ಎಂದು ಕೇಳಿದೆ.

ಅಕ್ಕ ಸುತಳಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೂರು ಎಳೆಗಳನ್ನು ಬೆರಳ ಸಂದಿಯಲ್ಲಿ ಬೇರೆ ಬೇರೆ ಹಿಡಿದಳು. ಆಮೇಲೆ ಮೂರನ್ನೂ ಒಂದಾಗಿ ಹೊಸೆದು, ಚೀಲದ ಬಾಯಿಗೆ ಬರೀ ಗಂಟು ಹಾಕಿ, ಅದನ್ನು ನನ್ನ ಕಡೆ ತಳ್ಳಿದಳು.

"ಒಯ್ಯಿ. ಇನ್ನ ಮ್ಯಾಲ ತರಬ್ಯಾಡ," ಎಂದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ನಾನು ಚೀಲ ಹೊತ್ತು ಬಸ್‌ಸ್ಟ್ಯಾಂಡಿಗೆ ನಡೆದೆ.